ಎದುರುಗಾಳಿಗೆ ಕಾಯುವ ಗಾಡಿ

ಗಿರಣಿಯ ಮೋಟರಿನ ಮೈಮೇಲೆ ಅಂಗೈ ಇಟ್ಟು ಯಂಕಪ್ಪ ಎಣಿಸುತ್ತಿದ್ದ. ಹತ್ತು ಎಣಿಸುವುದರೊಳಗೆ ಕೈ ತೆಗೆಯಬೇಕೆನಿಸಿದರೆ ಬಿಸಿ ಹೆಚ್ಚಾಗಿದೆ ಎಂದು ಲೆಕ್ಕ. ಹತ್ತಾಯಿತು, ಹನ್ನೆರಡಾಯಿತು, ಕೈ ಅಲ್ಲಿಯೇ ಇತ್ತು. ಹಿರೇಹಂದಿಗೋಳದ ಈ ಹಿಟ್ಟಿನ ಗಿರಣಿಯಲ್ಲಿ ಅವನು ಕೆಲಸಕ್ಕೆ ನಿಂತು ಎರಡು ವರ್ಷವಾಗುತ್ತ ಬಂದಿತ್ತು. ಅಷ್ಟು ದಿನಗಳಲ್ಲಿ ಮೋಟರು ಒಮ್ಮೆಯೂ ಕಾದಿರಲಿಲ್ಲ. ಆದರೂ ಐದು ನಿಮಿಷ ಬಿಟ್ಟು ತಾನು ಮತ್ತೆ ಬಂದು ಕೈ ಇಡುತ್ತೇನೆಂದು ಅವನಿಗೆ ಗೊತ್ತಿತ್ತು. ಗಿರಣಿಯ ಮಾಲಕ ಲಕ್ಷ್ಮಪ್ಪ ಇದನ್ನು ನೋಡಿ ಮೊದಮೊದಲು ನಗುತ್ತಿದ್ದ, ಆಮೇಲೆ ಬೈಯುತ್ತಿದ್ದ, ಈಗೀಗ ನೋಡದವನ ಹಾಗೆ ಇದ್ದುಬಿಡುತ್ತಿದ್ದ. ಮನೆಯಲ್ಲೂ ಅದೇ. ಹೊರಟವನು ಊರ ಅಗಸಿ ಬಾಗಿಲವರೆಗೆ ಹೋಗಿ ತಿರುಗಿ ಬಂದು ಗ್ಯಾಸಿನ ಗುಂಡಿ ನೋಡುವುದು, ನೀರಿನ ಟಾಕಿಯ ಮುಚ್ಚಳ ನೋಡುವುದು, ಚಿಲಕ ಎಳೆದು ನೋಡುವುದು. ಹೆಂಡತಿ ದುರ್ಗಾ ಏನೂ ಅನ್ನುತ್ತಿರಲಿಲ್ಲ; ಅವನು ನೋಡಿ ಮುಗಿಸುವವರೆಗೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಸುಮ್ಮನೆ ನಿಂತಿರುತ್ತಿದ್ದಳು. ಆ ಸುಮ್ಮನೆ ನಿಲ್ಲುವುದೇ ಅವನಿಗೆ ಸಾಕಾಗುತ್ತಿತ್ತು. ತಾನು ಮರೆಯುವ ಮನುಷ್ಯ. ಅದು ಊರಿಗೂ ಗೊತ್ತು, ಅವಳಿಗೂ ಗೊತ್ತು.

ಕಿಟಕಿಯಿಂದ ಬಿದ್ದ ಬಿಸಿಲ ಕೋಲಿನಲ್ಲಿ ಜೋಳದ ಹಿಟ್ಟು ಏಳುತ್ತ ಇಳಿಯುತ್ತ ಇತ್ತು. ಆಷಾಢದ ಗಾಳಿ ಹೊರಗೆ ತಗಡು ಬಡಿಯುತ್ತಿತ್ತು. ಆ ಸಪ್ಪಳದ ಹಿಂದೆ ಇನ್ನೊಂದು ಸಪ್ಪಳ ಕೇಳಿ ಅವನ ಬೆನ್ನು ನೆಟ್ಟಗಾಯಿತು. ಕಾರೊಂದು ಗಿರಣಿಯ ಮುಂದೆ ನಿಂತು, ಬಾಗಿಲು ಹಾಕಿಕೊಂಡ ಸದ್ದು. ಒಂದು ಸಲಕ್ಕೆ ಕೂರದೆ, ಎರಡನೆಯ ಸಲ ಸೊಂಟದಿಂದ ನೂಕಬೇಕಾದ ಬಲಗಡೆಯ ಬಾಗಿಲು. ನೋಡದೆಯೇ ಅವನಿಗೆ ತಿಳಿಯಿತು. ಕನಸಿನಲ್ಲಿ ಅದೇ ಬಾಗಿಲು ಎಷ್ಟು ಸಲ ಹಾಗೆ ಬಡಿದುಕೊಂಡಿತ್ತೆಂದರೆ, ಈಗಲೂ ಕಣ್ಣು ಬಿಟ್ಟರೆ ಎಚ್ಚರವಾದೀತೆಂದು ಅವನು ಅರೆಗಳಿಗೆ ಮೋಟರಿನ ಮೇಲೆ ಕೈ ಇಟ್ಟುಕೊಂಡೇ ನಿಂತ.

ಬಂದವನು ಬೆಟಗೇರಿಯ ಕುತುಬುದ್ದೀನ ಮಿಸ್ತ್ರಿ. ಮೂವತ್ತು ವರ್ಷದಿಂದ ಗ್ಯಾರೇಜು ಇಟ್ಟುಕೊಂಡವನು. ಕಿವಿಯಿಂದಲೇ ಎಂಜಿನ್ನಿನ ರೋಗ ಹಿಡಿಯುತ್ತಾನೆಂದು ಹೆಸರಾದವನು. ಗಡ್ಡ ಪೂರ್ತಿ ಬಿಳಿಯಾಗಿತ್ತು. ಬಿಳಿ ಕಾರಿನ ಬಾನೆಟ್ಟಿಗೆ ಒರಗಿ, ಒಳಗೆ ಬರಲೋ ಬೇಡವೋ ಎನ್ನುವ ಹಾಗೆ ನಿಂತಿದ್ದ.

"ಗುರ್ತು ಹಿಡದ್ಯೇನಪಾ ಗಾಡೀನ?"

"ಹಿಡದೆರಿ ಸಾಬ್ರ. ಬಂದು ನಿಂತಾಗನ ಹಿಡದೆ."

"ಎಂಜಿನ್ ಬ್ಯಾರೆ ಐತೆಪಾ ಈಗ."

"ಬಾಗಲದ ಸಪ್ಪಳ ಅದ ಐತಿ."

ಮಿಸ್ತ್ರಿ ನಗಲು ಹೋಗಿ ಬಿಟ್ಟುಬಿಟ್ಟ. ಎರಡು ವರ್ಷದ ಹಿಂದೆ ಎಂಜಿನ್ ಸುಟ್ಟು ನಿಂತ ಈ ಕಾರನ್ನು ಅದರ ಆಗಿನ ಮಾಲಕ ಸುಭಾಷ ಸಾವ್ಕಾರ ಗುಜರಿಗೆ ಹಾಕುತ್ತೇನೆಂದಾಗ ತಾನೇ ಇಟ್ಟುಕೊಂಡದ್ದು, ಬೇರೆ ಎಂಜಿನ್ ಕೂರಿಸಿ ಮುಂಡರಗಿಗೆ ಕೊಟ್ಟ ಮಗಳು ಆಯೇಶಾಳಿಗೆ ಕೊಟ್ಟದ್ದು, ಅವಳು ಹಮ್ಮಿಗಿಯ ಶಾಲೆಯಲ್ಲಿ ಟೀಚರಾಗಿದ್ದು ದಿನವೂ ಇದರಲ್ಲೇ ಹೋಗಿ ಬರುವುದು, ಎಲ್ಲ ಹೇಳಿದ. "ಮೂರು ಸಲ ದಾರ್ಯಾಗ ಕಾದು ನಿಂತೈತಿ. ಏಳು ತಿಂಗಳ ಬಸರಿ ಅದಾಳ. ಮೊನ್ನೆ ಹೊಳೀ ದಂಡ್ಯಾಗ ಒಬ್ಬಾಕೀನ ಬಿಸಲಾಗ ಎರಡು ತಾಸು ಕುಂತಾಳ. ಏನೇನು ಬದಲ ಮಾಡಿದೆ ಅಂತ ಕೇಳಬ್ಯಾಡ, ಏನು ಬಿಟ್ಟಿ ಅಂತ ಕೇಳು. ಥರ್ಮೋಸ್ಟಾಟ್ ಆತು, ವಾಟರ್ ಪಂಪ್ ಆತು, ಹೆಡ್ ಗ್ಯಾಸ್ಕೆಟ್ ಆತು, ರೇಡಿಯೇಟರ್ ಎರಡು ಸಲ ತೊಳಿಸೀನಿ. ಗ್ಯಾರೇಜಿನ್ಯಾಗ ತಾಸಗಟ್ಲೆ ಚಾಲೂ ಇಟ್ಟರೂ ಬಿಸಿ ತೋರಸೂ ಮುಳ್ಳು ನಟ್ಟನಡುವ ನಿಂತಿರತೈತಿ. ರಸ್ತಾಕ ಬಿದ್ರ ಕಾಯತೈತಿ. ಹಂಗಂತ ದಿನಾನೂ ಕಾಯಂಗಿಲ್ಲ. ಬೆಟಗೇರ್‍ಯಾಗ ನನ್ನ ನೋಡಿ ನಗಾಕತ್ತಾರ. ಒಂಬತ್ತು ವರ್ಷ ಹೊಡದಾಂವ ನೀನು. ಬಾ, ಒಂದು ಸುತ್ತು ಹೊಡಿ. ನಾ ಬಾಜೂಕ ಕುಂತು ಕೇಳ್ತೀನಿ."

ಯಂಕಪ್ಪ ಕೈಯ ಹಿಟ್ಟು ಒರೆಸಿಕೊಂಡ. ಎರಡು ವರ್ಷದಿಂದ ಅವನು ಯಾವ ಗಾಡಿಯ ಸ್ಟಿಯರಿಂಗನ್ನೂ ಮುಟ್ಟಿರಲಿಲ್ಲ. ಕೇಳಲು ಹೋದ ನಾಲ್ಕಾರು ಕಡೆ, ಸುಭಾಷ ಸಾವ್ಕಾರರ ಗಾಡಿ ಸುಟ್ಟವನಲ್ಲವೇ ನೀನು ಎಂದಿದ್ದರು. ಹೋಗುವುದಿಲ್ಲ ಎನ್ನಬೇಕೆಂದುಕೊಂಡ. ಬಿಸಿಲಲ್ಲಿ ಹೊಳೆಯ ದಂಡೆಗೆ ಕುಳಿತ ಬಸುರಿ ಹೆಂಗಸು ಕಣ್ಣ ಮುಂದೆ ಬಂದಳು. ಲಕ್ಷ್ಮಪ್ಪ ಒಳಗಿನಿಂದಲೇ "ಹೋಗಿ ಬಾ ಮಾರಾಯಾ, ಮೋಟರಿಗೆ ನಾ ಕೈ ಹಚ್ಚಿ ನೋಡ್ತೀನಿ" ಎಂದ. ಯಂಕಪ್ಪ ಕಾರಿನ ಹತ್ತಿರ ಹೋದವನೇ ಬಾನೆಟ್ ಎತ್ತಿದ. "ನೀರು ತುಂಬೈತಿ, ನೋಡೇನ ಬಂದೀನಿ" ಎಂದ ಮಿಸ್ತ್ರಿ. ಆದರೂ ಅವನು ಮುಚ್ಚಳ ತೆಗೆದ, ಬೆರಳು ಇಳಿಸಿದ, ತಣ್ಣಗಿನ ನೀರು ಬೆರಳಿಗೆ ತಾಗಿದ ಮೇಲೂ ಒಂದು ಗಳಿಗೆ ಬೆರಳನ್ನು ಅಲ್ಲಿಯೇ ಬಿಟ್ಟ. ಮಿಸ್ತ್ರಿ ಬೇರೆ ಕಡೆ ಮುಖ ಮಾಡಿದ.

ಗದಗ ದಾಟಿ ಮುಳಗುಂದದ ದಾರಿ ಹಿಡಿದಾಗ ಎರಡೂ ಕಡೆ ಎರೆಯ ಹೊಲಗಳು ಬಿಚ್ಚಿಕೊಂಡವು. ಹೆಸರು ಮೊಳಕಾಲೆತ್ತರಕ್ಕೆ ಬಂದಿತ್ತು. ಅದರ ಮೇಲೆ ಗಾಳಿ ಓಡುವುದು ಕಣ್ಣಿಗೆ ಕಾಣುತ್ತಿತ್ತು. ಸ್ಟಿಯರಿಂಗಿನ ಚರ್ಮದ ಹೊದಿಕೆಯಲ್ಲಿ ಅವನ ಹೆಬ್ಬೆರಳು ತಿಂದ ಗುಳಿ ಹಾಗೆಯೇ ಇತ್ತು. ಹೆಬ್ಬೆರಳು ಹೋಗಿ ಅದರಲ್ಲಿ ಕೂತಾಗ ಮೈಯೆಲ್ಲ ಒಂದು ಸಲ ಹಗುರಾಯಿತು. ಹಿಂದಿನ ಸೀಟಿನಲ್ಲಿ ಸಾವ್ಕಾರರು ಇದ್ದಾರೆ, ಅವರ ತಾಯಿ ಹಸಿರು ರೇಷ್ಮೆ ಸೀರೆ ಉಟ್ಟು ಇದ್ದಾರೆ, ಲಕ್ಷ್ಮೇಶ್ವರದ ಗುಡಿಯಲ್ಲಿ ಅಭಿಷೇಕ, ಹತ್ತರೊಳಗೆ ಮುಟ್ಟಬೇಕು. ಕನ್ನಡಿಯಲ್ಲಿ ನೋಡಿದ. ಖಾಲಿ ಸೀಟು, ಮಿಸ್ತ್ರಿಯ ಪಾನಾ, ಸ್ಕ್ರೂಡ್ರೈವರುಗಳ ಚೀಲ. ಅವತ್ತೂ ಇದೇ ತಿಂಗಳು, ಇದೇ ರಸ್ತೆ. ರಸ್ತೆ ಅವತ್ತಿನಷ್ಟೇ ಕಿತ್ತುಹೋಗಿತ್ತು. ಮೂವತ್ತರ ಮೇಲೆ ಓಡಿಸುವ ಹಾಗಿರಲಿಲ್ಲ. ಮುಳಗುಂದ ದಾಟಿ ಎರಡು ಮೈಲು ಹೋಗಿದ್ದರಷ್ಟೆ, ಎಂಜಿನ್ ಒಂದು ಸಲ ನರಳಿ ನಿಂತುಬಿಟ್ಟಿತ್ತು. ರೇಷ್ಮೆ ಸೀರೆಯ ಮುದುಕಿ ಬಿಸಿಲಿನಲ್ಲಿ, ಗಾಳಿಗೆ ಸೆರಗು ಹಿಡಿದುಕೊಂಡು, ಎರಡು ತಾಸು ನಿಂತಿದ್ದಳು. ನೆರಳಿಗೆ ಒಂದು ಗಿಡವೂ ಇರಲಿಲ್ಲ. "ಯಂಕಪ್ಪಾ, ನೀರರ ಕೊಡೋ" ಎಂದು ಅವಳು ಕೇಳಿದಾಗ, ಬಾಟಲಿಯ ನೀರನ್ನೆಲ್ಲ ಅವನು ರೇಡಿಯೇಟರಿಗೆ ಸುರಿದಾಗಿತ್ತು.

ಆ ಸಂಜೆ ಕಾರನ್ನು ಎಳೆದುಕೊಂಡು ಬೆಟಗೇರಿಗೆ ತಂದರು. ಗ್ಯಾರೇಜಿನಲ್ಲಿ ಹತ್ತು ಜನ ಇದ್ದರು. ಇದೇ ಮಿಸ್ತ್ರಿ ಎಂಜಿನ್ ನೋಡಿ, ಪಕ್ಕದಲ್ಲಿ ನಿಂತ ಸಾವ್ಕಾರರಿಗೆ, "ಒಳಗ ನೀರಿನ ಪಸಿ ಸೈತ ಇದ್ದಿಲ್ಲ ನೋಡ್ರಿ. ಡ್ರೈವರ್ ನೀರು ಹಾಕಿಲ್ಲ" ಎಂದಿದ್ದ. ಕೋಪದಿಂದ ಹೇಳಲಿಲ್ಲ, ಚಹಾಕ್ಕೆ ಸಕ್ಕರೆ ಹಾಕಿಲ್ಲ ಎನ್ನುವ ಹಾಗೆ ಹೇಳಿದ. ಸಾವ್ಕಾರರು ಬೈಯಲಿಲ್ಲ. ಅಂಗೈ ಚಾಚಿದರು. ಅವರು ಏನು ಕೇಳುತ್ತಿದ್ದಾರೆಂದು ಯಂಕಪ್ಪನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕಿಸೆಯಿಂದ ಕೀಲಿಕೈ ತೆಗೆದು ಇಟ್ಟ. ಒಂಬತ್ತು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಹಾಕಿದ್ದೆನ್ರಿ, ಎಂದು ಅವನು ಹೇಳಿದ್ದು ಯಾರ ಕಿವಿಗೂ ಬಿದ್ದ ಹಾಗಿರಲಿಲ್ಲ. ಬಸ್ಸಿನಲ್ಲಿ ಊರಿಗೆ ಬರುವಾಗ ಅವನು ಆ ಬೆಳಗನ್ನು ನೆನಪಿಸಿಕೊಳ್ಳಲು ಹೋದ. ಮುಂಜಾನೆ ಬೇಗ ಹೊರಡಬೇಕಾದ್ದರಿಂದ ಸಾವ್ಕಾರರು ಕಾರನ್ನು ಹಿಂದಿನ ದಿನವೇ ಅವನ ಮನೆಗೆ ಒಯ್ಯಲು ಹೇಳಿದ್ದರು. ಅಂಗಳದಲ್ಲಿ ಬಾನೆಟ್ ಎತ್ತಿದ್ದು ನೆನಪಿತ್ತು. ನೀರು ಹಾಕಿದ್ದು? ನೂರು ಮುಂಜಾನೆಗಳ ತಂಬಿಗೆಗಳು ಒಟ್ಟಿಗೆ ನೆನಪಿಗೆ ಬಂದವು. ಅದರಲ್ಲಿ ಅವತ್ತಿನ ತಂಬಿಗೆ ಯಾವುದೆಂದು ಆರಿಸಲು ಬರಲಿಲ್ಲ. ದಿನವೂ ಮಾಡುವ ಕೆಲಸ, ಗುರುತು ಉಳಿಸದೆ ಹೋಗುತ್ತದೆ.

ಮೊದಲ ವಾರ ಆ ಬೆಳಗಿನ ನೆನಪಿನ ಜಾಗದಲ್ಲಿ ಏನೂ ಇರಲಿಲ್ಲ, ಬರೀ ಬಯಲು. ಆಮೇಲೆ ಒಂದೊಂದೇ ಬಂದು ಸೇರಿದವು. ಫೋನು ಹೊಡೆದುಕೊಂಡಿತು. ಸಾವ್ಕಾರರ ಫೋನು. ಕೈಯಲ್ಲಿದ್ದ ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟ. "ಬಂದೆರಿ, ಹೊಂಟೆ" ಎಂದ. ಬಾನೆಟ್ ಹಾಕಿದ. ಹೊರಟುಬಿಟ್ಟ. ತಿಂಗಳು ಕಳೆಯುವುದರೊಳಗೆ ಆ ನೆನಪು ಎಷ್ಟು ತುಂಬಿಕೊಂಡಿತೆಂದರೆ, ಕಟ್ಟೆಯ ಮೇಲೆ ಉಳಿದ ತಂಬಿಗೆಯ ಕಂಠದ ಮೇಲೆ ಎರಡು ಕೆಂಪಿರುವೆ ಹರಿಯುತ್ತಿದ್ದುದೂ ಅವನಿಗೆ ಕಾಣತೊಡಗಿತು. ಒಂದು ದಿನ ಊಟಕ್ಕೆ ಕೂತಾಗ ದುರ್ಗಾಳಿಗೆ ಹೇಳಿದ, "ನಾ ಮರತಿದ್ದೆ. ನೀರು ಹಾಕಿದ್ದಿಲ್ಲ." ಅವಳು ಅವನ ಮುಖವನ್ನೇ ನೋಡಿ, ಮತ್ತೊಂದು ರೊಟ್ಟಿ ಬಡಿಯಲು ಒಲೆಯ ಕಡೆ ತಿರುಗಿದಳು. ಮಾರನೆಯ ವಾರ ಗದಗಿಗೆ ಹೋಗಿ ಸಾವ್ಕಾರರ ಬೀಜ-ಗೊಬ್ಬರದ ಅಂಗಡಿಯಲ್ಲಿ, ಬಿತ್ತನೆಯ ಗಿರಾಕಿಗಳ ನಡುವೆ ಬಾಗಿ ಅವರ ಕಾಲು ಮುಟ್ಟಿ, ತಪ್ಪು ನನ್ನದೇ ಎಂದು ಹೇಳಿ ಬಂದ. ಕೆಲಸ ಮತ್ತೆ ಸಿಗಲೆಂದಲ್ಲ. ಸಾವ್ಕಾರರು "ಆತು ಬಿಡೋ ಮಾರಾಯಾ, ಬಾಜೂಕ ಸರಿ, ಅವರಿಗೆ ದಾರಿ ಬಿಡು" ಎಂದಿದ್ದರು. ಅವನ ಹಿಂದೆ ಒಬ್ಬ ಯೂರಿಯಾ ಚೀಲ ಹೊತ್ತು ನಿಂತಿದ್ದ.

"ಮುಳ್ಳು ಏರಾಕತ್ತೈತಿ" ಎಂದ ಮಿಸ್ತ್ರಿ.

ಮುಳಗುಂದ ದಾಟಿತ್ತು. ಉಷ್ಣದ ಮುಳ್ಳು ನಡುವಿನ ಗೆರೆ ಬಿಟ್ಟು ಕೆಂಪಿನ ಕಡೆ ತಲೆ ಎತ್ತಿತ್ತು. ಮಿಸ್ತ್ರಿ ಕಿಟಕಿಯ ಗಾಜು ಏರಿಸಿ, ಕಣ್ಣು ಮುಚ್ಚಿ, ಡ್ಯಾಶ್‌ಬೋರ್ಡಿನ ಮೇಲೆ ಕಿವಿ ಇಟ್ಟ. ಯಂಕಪ್ಪ ಆಕ್ಸಿಲರೇಟರಿನ ಮೇಲಿನ ಕಾಲು ಹಗುರ ಮಾಡಿದ. ನಿಲ್ಲಿಸಲೇ ಎಂದು ಕೇಳಿದ. ಬೇಡ, ಲಕ್ಷ್ಮೇಶ್ವರದತನ ನಡಿ, ಕೆಂಪಿಗೆ ಮುಟ್ಟಿದರೆ ನಿಲ್ಲಿಸು ಎಂದ ಮಿಸ್ತ್ರಿ. ಮುಳ್ಳು ಕೆಂಪಿಗೆ ಮುಟ್ಟಲು ಕೂದಲೆಳೆಯಷ್ಟು ಇರುವಾಗ ಅವರು ಲಕ್ಷ್ಮೇಶ್ವರ ಸೇರಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯ ಮುಂದೆ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಕಾದರು. ಬಾನೆಟ್ಟಿನ ಒಳಗೆ ಫ್ಯಾನು ತಿರುಗುತ್ತಿತ್ತು. ಹತ್ತು ನಿಮಿಷದಲ್ಲಿ ಮುಳ್ಳು ತಾನೇ ಇಳಿದು ನಡುವಿಗೆ ಬಂದು ಕೂತಿತು.

"ನೋಡಿದ್ಯಾ? ನಿಂತಾಗ ಇಳೀತೈತಿ. ಪಂಪ್ ಕೆಟ್ಟಿದ್ರ ಇಳೀಬಾರದು. ಫ್ಯಾನ್ ಕೆಟ್ಟಿದ್ರನೂ ಇಳೀಬಾರದು." ಮಿಸ್ತ್ರಿ ಚಹಾ ಸುರಿದ ಬಸಿ ಹಿಡಿದುಕೊಂಡು ತನಗೆ ತಾನೇ ಹೇಳುವವನ ಹಾಗೆ ಹೇಳಿದ. "ಓಡುವಾಗ ಗಾಳಿ ಜಾಸ್ತಿ ಬಡೀತೈತಿ, ಜಾಸ್ತಿ ತಣ್ಣಗಾಗಬೇಕು. ಇದು ಓಡುವಾಗ ಕಾಯತೈತಿ. ಉಲ್ಟಾ ಐತಿ ಇದರ ಸ್ವಭಾವ."

"ಅವತ್ತೂ ಹಿಂಗ ಆಗಿತ್ತರಿ," ಎಂದ ಯಂಕಪ್ಪ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ತನ್ನ ತಪ್ಪನ್ನು ಗಾಡಿಯ ಮೇಲೆ ಹೊರಿಸಿದ ಹಾಗೆ ಕೇಳಿಸಿತು. "ಅವತ್ತು ನಾ ನೀರು ಹಾಕಿದ್ದಿಲ್ಲ ಬಿಡ್ರಿ, ಅದು ಬ್ಯಾರೆ" ಎಂದು ಸೇರಿಸಿದ. ಮಿಸ್ತ್ರಿ ಬಸಿಯ ಮೇಲಿಂದ ಅವನನ್ನು ನೋಡಿದ.

ಲಕ್ಷ್ಮೇಶ್ವರ ಬಿಟ್ಟು ಶಿರಹಟ್ಟಿಯ ಕಡೆ ತಿರುಗಿದಾಗ ಗಾಡಿಯೊಳಗೆ ಸದ್ದೇ ಇಲ್ಲವಾಯಿತು. ಇಷ್ಟು ಹೊತ್ತು ಗಾಜಿನ ಸಂದಿಯಲ್ಲಿ ಸಿಳ್ಳೆ ಹಾಕುತ್ತಿದ್ದ ಗಾಳಿ ನಿಂತಿತ್ತು. ನಿಂತಿರಲಿಲ್ಲ, ಬೆನ್ನ ಹಿಂದೆ ಹೋಗಿತ್ತು. ರಸ್ತೆಯ ಮೇಲಿನ ಧೂಳು ಅವರಿಗಿಂತ ಮುಂದೆ ಓಡುತ್ತಿತ್ತು, ಒಣಗಿದ ಎಲೆಗಳು ಅವರ ಜೊತೆಗೇ ಉರುಳುತ್ತ ಬರುತ್ತಿದ್ದವು; ಕಾರು ಓಡುತ್ತಿಲ್ಲ, ನೆಲವೇ ತೇಲಿಸಿಕೊಂಡು ಹೋಗುತ್ತಿದೆ ಎನ್ನುವ ಹಾಗೆ. ಶಿರಹಟ್ಟಿ ಬಂತು, ಹೋಯಿತು. ಮುಳ್ಳು ನಡುವೆಯೇ ಇತ್ತು. ಎಡಕ್ಕೆ ದೂರದಲ್ಲಿ ಕಪ್ಪತಗುಡ್ಡ, ಗುಡ್ಡದ ನೆತ್ತಿಯ ಮೇಲೆ ಗಾಳಿಯ ಯಂತ್ರಗಳು ಸಾಲಾಗಿ, ನಿಧಾನಕ್ಕೆ, ನೀರಿನೊಳಗೆ ಕೈ ಬೀಸುವವರ ಹಾಗೆ ತಿರುಗುತ್ತಿದ್ದವು. ಅವೆಲ್ಲ ಪಡುವಣಕ್ಕೆ ಮುಖ ಮಾಡಿ ನಿಂತಿದ್ದವು. ಯಂಕಪ್ಪನಿಗೆ ನಿದ್ದೆ ಬಂದ ಹಾಗಾಗುತ್ತಿತ್ತು, ಆದರೆ ಮೈಯ ಒಂದೊಂದು ಕೂದಲೂ ಎಚ್ಚರವಾಗಿತ್ತು. ಇಂಥ ಹೊತ್ತಿನಲ್ಲಿ ಹಿಂದೆ ಸಾವ್ಕಾರರು ಗೊರಕೆ ಹೊಡೆಯುತ್ತಿದ್ದರು, ಅವನೊಬ್ಬನೇ ಲೋಕದಲ್ಲಿ ಇದ್ದ ಹಾಗಿರುತ್ತಿತ್ತು. ಆ ಒಬ್ಬಂಟಿತನ ತನಗೆ ಇಷ್ಟು ಬೇಕಾಗಿತ್ತೆಂದು ಅವನಿಗೆ ತಿಳಿದೇ ಇರಲಿಲ್ಲ. ಮುಂಡರಗಿ ನಾಲ್ಕು ಕಿಲೋಮೀಟರ್ ಇದೆಯೆನ್ನುವಾಗ ಅವನು, ಏಕೆಂದು ತನಗೂ ಗೊತ್ತಿಲ್ಲದೆ, ಬೇವಿನ ಗಿಡವೊಂದರ ಕೆಳಗೆ ಗಾಡಿ ನಿಲ್ಲಿಸಿದ.

"ಯಾಕ?"

"ಸಾಬ್ರ, ಆಯೇಶವ್ವನ ಗಾಡಿ ಮೂರು ಸಲ ನಿಂತೈತಲ್ಲರಿ. ಹಮ್ಮಿಗಿಗೆ ಹೋಗುವಾಗೋ, ಹೊಳ್ಳಿ ಬರುವಾಗೋ?"

ಮಿಸ್ತ್ರಿ ಯೋಚಿಸಿದ. "ಮೂರೂ ಸಲ ಬರುವಾಗ. ಹೌದು. ಬರುವಾಗನ."

"ಬರುವಾಗ ಎದುರಗಾಳಿರಿ."

ಯಂಕಪ್ಪ ಗಾಡಿಯನ್ನು ತಿರುಗಿಸಿದ. ಬಂದ ದಾರಿಯಲ್ಲೇ, ಪಡುವಣಕ್ಕೆ, ಅಷ್ಟೇ ವೇಗದಲ್ಲಿ ಹೊರಟ. ಗಾಜಿನ ಸಂದಿಯಲ್ಲಿ ಸಿಳ್ಳೆ ಶುರುವಾಯಿತು. ಐದು ಕಿಲೋಮೀಟರ್ ಹೋಗುವುದರೊಳಗೆ ಮುಳ್ಳು ತಲೆ ಎತ್ತಿತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ರಸ್ತೆಯ ಬದಿಗೆ ನಿಲ್ಲಿಸಿ ಬಾನೆಟ್ ಎತ್ತದೆ ಯಂಕಪ್ಪ ಗಾಡಿಯ ಮುಂದೆ ಹೋಗಿ ನಿಂತ. ಗಾಡಿಯ ಮುಖಕ್ಕೆ ತನ್ನ ಮುಖ. ಹಿಂದಿನಿಂದ ಆಷಾಢದ ಗಾಳಿ ಬೆನ್ನಿಗೆ ಅಂಗಿಯನ್ನು ಅಂಟಿಸುತ್ತಿತ್ತು, ತಣ್ಣಗೆ. ಮುಂದಿನಿಂದ, ಜಾಲರಿಯ ಒಳಗಿನಿಂದ, ಹೊಟ್ಟೆಗೆ ಬಿಸಿ ಬರುತ್ತಿತ್ತು. ಅದು ಕಾದ ತಗಡಿನ ಝಳವಲ್ಲ. ತಳ್ಳುತ್ತಿತ್ತು. ಅಂಗಿಯ ಕೆಳಗಿನ ಗುಂಡಿ ಅದಕ್ಕೆ ಅದುರುತ್ತಿತ್ತು. ಅವನು ಬಾಗಿ ಜಾಲರಿಗೆ ಅಂಗೈ ಅಡ್ಡ ಹಿಡಿದ. ದನದ ಮೂತಿಯ ಮುಂದೆ ಕೈ ಹಿಡಿದ ಹಾಗಿತ್ತು.

"ಸಾಬ್ರ, ಇಲ್ಲೆ ಬರ್ರಿ. ಇದು ಗಾಳಿ ಒಳಗ ಎಳಕೊಳ್ಳಾಕತ್ತಿಲ್ಲ. ಹೊರಗ ಊದಾಕತ್ತೈತಿ."

ಮಿಸ್ತ್ರಿ ಇಳಿದು ಬಂದ. ಕಿಸೆಯಿಂದ ಹಳೆಯ ರಶೀದಿಯೊಂದನ್ನು ತೆಗೆದು, ಯಂಕಪ್ಪನ ಮೈಯ ಮರೆಯಲ್ಲಿ ಜಾಲರಿಗೆ ಹಿಡಿದು ಬಿಟ್ಟ. ಫ್ಯಾನು ಸರಿಯಿದ್ದರೆ ಕಾಗದ ಜಾಲರಿಗೆ ಅಂಟಿಕೊಳ್ಳಬೇಕು. ಅದು ಹಾರಿ ಅವನ ಗಡ್ಡಕ್ಕೆ ಬಡಿದು, ಗಾಳಿಗೆ ಸಿಕ್ಕಿ ಹೊಲದ ಕಡೆ ಹೋಯಿತು. ಮತ್ತೊಂದನ್ನು ಹಿಡಿದ. ಅದೂ ಹೋಯಿತು.

"ಫ್ಯಾನ್ ಉಲ್ಟಾ ತಿರಗಾಕತ್ತೈತಿ" ಎಂದ ಮಿಸ್ತ್ರಿ. ದನಿ ಸಣ್ಣದಾಗಿತ್ತು. "ನಿಂತಾಗ ಉಲ್ಟಾ ತಿರುಗಿದ್ರೂ ಗಾಳಿ ಆಡತೈತಿ, ತಣ್ಣಗಾಗತೈತಿ. ಎದುರಗಾಳಿಗೆ ಹೋಗುವಾಗ ಹೊರಗಿಂದು ಒಳಗ ಬರಾಕ ನೋಡತೈತಿ, ಇದು ಹೊರಗ ದಬ್ಬತೈತಿ. ಎರಡೂ ಜಗ್ಗ್ಯಾಡಿ ನಿಂತಬಿಡತಾವು. ಗ್ಯಾರೇಜಿನ್ಯಾಗ ನಾ ಫ್ಯಾನ್ ತಿರುಗೂದು ನೋಡಿದೆ. ಯಾ ಕಡೆ ತಿರುಗತೈತಿ ಅಂತ ನೋಡಲಿಲ್ಲ."

ಎಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ, ಫ್ಯಾನಿಗೆ ಹೋಗುವ ಎರಡು ವಯರುಗಳನ್ನು ಮಿಸ್ತ್ರಿ ಬೆರಳಲ್ಲಿ ಹಿಡಿದುಕೊಂಡು ಹೋದ. ಒಂದು ಗೇಣು ದೂರದಲ್ಲಿ ಅವೆರಡಕ್ಕೂ ಜೋಡಣೆ ಇತ್ತು, ಮೇಲೆ ನೀಲಿ ಟೇಪು ಸುತ್ತಿತ್ತು. ಟೇಪಿನ ತುದಿಯನ್ನು ಒಳಕ್ಕೆ ಮಡಚಿ ಒತ್ತಲಾಗಿತ್ತು, ಬಿಚ್ಚಿಕೊಳ್ಳದ ಹಾಗೆ. ಅವನ ಬೆರಳು ಅಲ್ಲಿ ನಿಂತಿತು. ಆಮೇಲೆ ಅವನು ಬಂಪರಿನ ಮೇಲೆ ಕೂತ. ಬಿಸಿಯಾಗಿದ್ದರೂ ಕೂತ.

"ವಯರ್ ಅದಲಬದಲ ಆಗ್ಯಾವು. ಇದು ನನ್ನ ಕೈಯಿಂದು. ಟೇಪ್ ಹಿಂಗ ಮಡಚಾಂವ ಗದಗಿನ್ಯಾಗ ನಾ ಒಬ್ಬನ." ಸ್ವಲ್ಪ ಹೊತ್ತು ಬಿಟ್ಟು ಹೇಳಿದ. "ಇಲಿ ವಯರ್ ಕಡದಾವು ಅಂತ ನೀನ ಗಾಡಿ ತಂದಿದ್ದಿ. ನೆನಪೈತೇನು? ಎಂಜಿನ್ ಸುಡೂಕಿಂತ ಒಂದು ವಾರದ ಹಿಂದ."

ಯಂಕಪ್ಪನಿಗೆ ನೆನಪಿತ್ತು. ಇಲಿಯೂ ನೆನಪಿತ್ತು, ಮಿಸ್ತ್ರಿ ಅವತ್ತು ಶುಕ್ರವಾರದ ನಮಾಜಿಗೆ ಹೊತ್ತಾಯಿತೆಂದು ಅವಸರದಲ್ಲಿ ವಯರ್ ಸುತ್ತಿ ಎದ್ದದ್ದೂ ನೆನಪಿತ್ತು.

"ಒಳಗ ನೀರಿನ ಪಸಿ ಇದ್ದಿಲ್ಲ ಅಂದೆ. ಕುದ್ದು ಕುದ್ದು ಹಾರಿ ಹೋಗಿತ್ತು ನೀರು. ಹಾರಿ ಹೋದ ಮ್ಯಾಲೆ ನಾ ನೋಡಿದೆ. ಹಾಕಿಲ್ಲ ಅಂದುಬಿಟ್ಟೆ." ಮಿಸ್ತ್ರಿ ತಲೆ ಎತ್ತಲಿಲ್ಲ. "ನೀ ಹಾಕಿದ್ದಿಪಾ ಯಂಕಪ್ಪಾ. ನಿಂದೇನೂ ತಪ್ಪಿದ್ದಿಲ್ಲ."

"ಇಲ್ಲರಿ" ಎಂದ ಯಂಕಪ್ಪ. "ನಾ ಹಾಕಿದ್ದಿಲ್ಲ."

"ಏನಂತಿ?"

"ಫೋನ್ ಬಂತು. ತಂಬಿಗಿ ಕಟ್ಟೀ ಮ್ಯಾಲೆ ಇಟ್ಟೆ. ನನಗ ಖರೇನ ನೆನಪೈತ್ರಿ ಸಾಬ್ರ. ಅದರ ಮ್ಯಾಲೆ ಇರಿವಿ ಹರದಾಡತಿದ್ದವು."

ಮಿಸ್ತ್ರಿ ಅವನ ಕಡೆ ತಿರುಗಿದ. ನೀರಿಲ್ಲದೆ ಹೊರಟಿದ್ದರೆ ಗಾಡಿ ಗದಗ ದಾಟುತ್ತಿರಲಿಲ್ಲ, ಊರ ಅಗಸಿಯಲ್ಲೇ ಕೆಂಪಿಗೆ ಬರುತ್ತಿತ್ತು, ಮುಳಗುಂದದ ತನಕ ಹೋಗಿದೆಯೆಂದರೆ ನೀರು ತುಂಬಿತ್ತು ಎಂದು ಚಿಕ್ಕವರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಯಂಕಪ್ಪನಿಗೆ ಆ ಮಾತು ಅರ್ಥವಾಯಿತು. ಅದರಲ್ಲಿ ತಪ್ಪು ಹಿಡಿಯಲು ಏನೂ ಇರಲಿಲ್ಲ. ಆದರೆ ಕಟ್ಟೆಯ ಮೇಲಿನ ತಂಬಿಗೆ ಅಲ್ಲಿಂದ ಕದಲಲಿಲ್ಲ. ಮಿಸ್ತ್ರಿ ಫೋನು ತೆಗೆದು ಸುಭಾಷ ಸಾವ್ಕಾರರಿಗೆ ಹಚ್ಚಿದ, ಯಂಕಪ್ಪನೂ ಕೇಳಲೆಂದು ಸ್ಪೀಕರಿಗೆ ಹಾಕಿದ. ಅಂಗಡಿಯ ಗದ್ದಲ ಕೇಳಿಸಿತು. ಮಿಸ್ತ್ರಿ ತಡವರಿಸುತ್ತ ಎಲ್ಲ ಹೇಳಿ ಮುಗಿಸಿದ.

"ಮಿಸ್ತ್ರಿ, ಅದೆಲ್ಲ ಈಗ್ಯಾಕ?" ಎಂದಿತು ಸಾವ್ಕಾರರ ದನಿ. "ಯಂಕಪ್ಪ ತಾನ ಬಂದು, ಕಾಲು ಮುಟ್ಟಿ, ನೀರು ಹಾಕಿದ್ದಿಲ್ಲ ಅಂತ ಒಪ್ಪಿಕೊಂಡು ಹೋಗ್ಯಾನ. ಮಾಡದ ತಪ್ಪು ಯಾವನರ ಒಪ್ಪಿಕೊಂತಾನೇನು? ನೀವು ದೊಡ್ಡ ಮನಸು ಮಾಡಿ ಅವನ ಪರವಾಗಿ ಮಾತಾಡಾಕತ್ತೀರಿ, ಆತು. ಇಲ್ಲೆ ಮಂದಿ ನಿಂತಾರ, ಇಡ್ತೀನಿ."

ಮಿಸ್ತ್ರಿಗೆ ಇದು ಗೊತ್ತಿರಲಿಲ್ಲ. ಫೋನು ಕೈಯಲ್ಲೇ ಇತ್ತು. "ಕಾಲು ಮುಟ್ಟಿದ್ಯಾ?" ಎಂದು ಕೇಳಿದ. ಯಂಕಪ್ಪ ಹೊಲದ ಕಡೆ ತಿರುಗಿದ. ಗ್ಯಾರೇಜಿನಲ್ಲಿ ಹತ್ತು ಜನರ ಮುಂದೆ ಆಗದ ನಾಚಿಕೆ, ಈಗ ಬಯಲಿನಲ್ಲಿ ಒಬ್ಬನ ಮುಂದೆ ಆಯಿತು. ಮಿಸ್ತ್ರಿ ಮತ್ತೆ ಬಾನೆಟ್ಟಿನೊಳಗೆ ಬಾಗಿದ. ಟೇಪು ಬಿಚ್ಚಿ, ವಯರುಗಳನ್ನು ಅದಲುಬದಲು ಮಾಡಿ, ಮತ್ತೆ ಸುತ್ತಿದ. ಎರಡು ನಿಮಿಷದ ಕೆಲಸ. ಎಂಜಿನ್ ಚಾಲೂ ಮಾಡಿದಾಗ ಮೂರನೆಯ ರಶೀದಿ ಜಾಲರಿಗೆ ಹೋಗಿ ಅಂಟಿಕೊಂಡಿತು.

ಎದುರುಗಾಳಿಯಲ್ಲೂ ನೋಡಿಬಿಡೋಣವೆಂದು ಮುಂಡರಗಿಯಲ್ಲಿ ನಿಲ್ಲದೆ, ಡಂಬಳದ ಮೇಲೆ ಹಾದು ಗದಗಿಗೆ ತಿರುಗಿದರು. ಆ ದಾರಿಯುದ್ದಕ್ಕೂ ಎದುರುಗಾಳಿ. ಮುಳ್ಳು ನಡುವಿನ ಗೆರೆ ಬಿಟ್ಟು ಅಲುಗಲಿಲ್ಲ. ಯಂಕಪ್ಪನಿಗೆ ಸಂತೋಷವಾಗಬೇಕಾಗಿತ್ತು. ಅವನು ಒಳಗೆ ಹುಡುಕಿದ. ಸಂತೋಷವೂ ಇರಲಿಲ್ಲ, ಪಕ್ಕದಲ್ಲಿ ಕೂತವನ ಮೇಲೆ ಸಿಟ್ಟೂ ಇರಲಿಲ್ಲ. ಮನೆಯಲ್ಲಿ ಎರಡು ವರ್ಷದಿಂದ ಇದ್ದ ನೆಂಟ ಯಾರೋ ಬೇರೆಯವನು ಎಂದು ಗೊತ್ತಾದ ಹಾಗಿತ್ತು. ಆ ಬೆಳಗು ಸುಳ್ಳಾದರೆ ಅದನ್ನು ಮಾಡಿದವರು ಯಾರು? ಇರುವೆಗಳನ್ನು ಯಾರು ಬಿಟ್ಟರು? ಬೇರೆ ಯಾವುದೋ ದಿನದ ಇರುವೆಗಳೋ? ನೀರು ಸುರಿದ ಬೆಳಗನ್ನು ತರಲು ಅವನು ಎಷ್ಟು ಪ್ರಯತ್ನಪಟ್ಟರೂ ಕೈಗೆ ಬರುತ್ತಿದ್ದುದು ಸುರಿಯದ ಬೆಳಗೇ. ಗುಡ್ಡದ ಮೇಲೆ ಯಂತ್ರಗಳು ಈಗ ಬೆಳಕಿಗೆ ಅಡ್ಡವಾಗಿ ಕಪ್ಪಾಗಿದ್ದವು. ಒಂದರ ನೆರಳು ರಸ್ತೆಯ ಮೇಲೆ ಉದ್ದಕ್ಕೆ ಬಿದ್ದು ತಿರುಗುತ್ತಿತ್ತು. ಕಾರು ಅದರೊಳಗೆ ಹೊಕ್ಕಾಗ ಒಂದು ಗಳಿಗೆ ಕತ್ತಲಾಗಿ, ಮತ್ತೆ ಬೆಳಕಾಯಿತು.

"ನಾಳೆ ಗ್ಯಾರೇಜಿನ್ಯಾಗ ಎಲ್ಲಾರ ಮುಂದ ಹೇಳ್ತೀನಿ" ಎಂದ ಮಿಸ್ತ್ರಿ. "ಆದ್ರ ಮೊದಲು ನಿನ್ನ ಮನ್ಯಾಗ ಹೇಳಬೇಕು. ಗಾಡಿ ನಿಮ್ಮ ಊರಿಗೆ ಹೊಡಿ."

ಹಿರೇಹಂದಿಗೋಳ ಸೇರಿದಾಗ ದನಗಳು ಮನೆಗೆ ಬರುವ ಹೊತ್ತು. ದುರ್ಗಾ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾರು ಬಂದು ನಿಂತದ್ದನ್ನು, ಅದರಿಂದ ಗಂಡ ಬಲಗಡೆಯ ಬಾಗಿಲಿನಿಂದ ಇಳಿದದ್ದನ್ನು ನೋಡಿ ಮೊರ ಕೆಳಗಿಟ್ಟು ಎದ್ದು ನಿಂತಳು. ಮಿಸ್ತ್ರಿ ಕಟ್ಟೆಯ ಮೇಲೆ ಕೂರಲಿಲ್ಲ. ನೀರು ಕೊಟ್ಟರೆ ಮುಟ್ಟಲಿಲ್ಲ. ನಿಂತುಕೊಂಡೇ ಹೇಳಿದ.

"ತಂಗೀ, ಅವತ್ತು ಗಾಡ್ಯಾಗ ನೀರಿತ್ತು. ನಿನ್ನ ಗಂಡಂದು ಏನೂ ತಪ್ಪಿದ್ದಿಲ್ಲ. ವಯರ್ ಉಲ್ಟಾ ಜೋಡಿಸಿದ್ದು ನನ್ನ ಕೈ. ಸುಳ್ಳು ಹೇಳಿದ್ದು ನನ್ನ ಬಾಯಿ."

"ನೀರಿತ್ತು ಅನ್ನೂದು ನನಗ ಗೊತ್ತೈತ್ರಿ ಅಣ್ಣಾರ" ಎಂದಳು ದುರ್ಗಾ.

ಇಬ್ಬರೂ ಅವಳನ್ನು ನೋಡಿದರು.

"ಕೊಡದಾಗಿಂದ ತುಂಬಿ ತುಂಬಿ ಕೊಟ್ಟಾಕಿ ನಾನ."

ಯಂಕಪ್ಪ ಅವಳ ಕಡೆ ಒಂದು ಹೆಜ್ಜೆ ಬಂದ. "ಮತ್ತ ಹೇಳಲಿಲ್ಲ ನೀನು?"

"ಹೇಳಿದೆ. ಮೊದಲ ವಾರ ದಿನಾ ಹೇಳಿದೆ. ನಿಮ್ಮ ಕಿವಿಗೆ ಹೋಗಲಿಲ್ಲ. ನೀ ನನ್ನ ಸಮಾಧಾನಕ್ಕ ಹೇಳ್ತಿ ಅಂತ ಬೈದ್ರಿ." ಅವಳು ಸೆರಗಿಗೆ ಹತ್ತಿದ ಜೋಳದ ಹೊಟ್ಟನ್ನು ಕೊಡವಿಕೊಂಡಳು. "ಒಂದು ತಿಂಗಳು ನಿದ್ದಿ ಮಾಡಿದ್ದಿಲ್ಲ ನೀವು. ಆಮ್ಯಾಲೆ ಒಂದಿನ ಊಟಕ್ಕ ಕುಂತು, ನಾ ಮರತಿದ್ದೆ ಅಂದ್ರಿ. ಅವತ್ತು ಹಾಸಗೀಗೆ ಬಿದ್ದಾವ್ರು ಮುಂಜಾನಿತನ ಹೊರಳಲಿಲ್ಲ. ಹೆಂಗರ ನಿದ್ದಿ ಹತ್ತೈತಿ, ಇನ್ನ ಯಾಕ ಕೆಡಸಬೇಕಂತ ಸುಮ್ಮಾದೆ."

ಮಿಸ್ತ್ರಿ ಅಂಗಳದಿಂದ ಹೊರಗೆ ನಡೆದು, ಕಾರಿನ ಹತ್ತಿರ ಹೋಗಿ ಅವರಿಗೆ ಬೆನ್ನು ಮಾಡಿ ನಿಂತ. ತೋಳಿನಿಂದ ಮುಖ ಒರೆಸಿಕೊಂಡದ್ದು ಹಿಂದಿನಿಂದ ಕಾಣಿಸಿತು. ಆಮೇಲೆ ಅಲ್ಲಿಂದಲೇ, "ಯಂಕಪ್ಪಾ, ನಾಳೆ ಗಾಡಿ ನೀನ ಒಯ್ದು ಆಯೇಶಾಗ ಮುಟ್ಟಸಬೇಕು. ಬ್ಯಾರೆಯವರ ಕೈಯಾಗ ಕೊಡಂಗಿಲ್ಲ ನಾ" ಎಂದು ಕೂಗಿ ಹೇಳಿದ. ಆತ್ರಿ, ಎಂದ ಯಂಕಪ್ಪ. ಕಾರು ಬೆಟಗೇರಿಯ ಕಡೆ ಹೋಯಿತು.

ಯಂಕಪ್ಪ ಕಟ್ಟೆಯ ಮೇಲೆ ಕೂತ. ಎರಡು ವರ್ಷ ಅವಳು ಎದುರಿಗೆ ಸುಮ್ಮನೆ ನಿಲ್ಲುತ್ತಿದ್ದಾಗ ಅವಳ ಮುಖದಲ್ಲಿ ತಾನು ಓದಿಕೊಂಡದ್ದೆಲ್ಲ ಬೇರೆ ಏನೋ ಆಗಿತ್ತು. ಕೇಳಬೇಕಾದದ್ದು ಬಹಳ ಇತ್ತು. ಅವನು ಒಂದನ್ನೇ ಕೇಳಿದ.

"ಅವತ್ತು ಹೆಂಗ ಆತು, ಹೇಳು."

ದುರ್ಗಾ ಮತ್ತೆ ಮೊರ ತೆಗೆದುಕೊಂಡು ಅವನ ಹತ್ತಿರ ಕೂತಳು. "ಇನ್ನಾ ಬೆಳಕ ಹರದಿದ್ದಿಲ್ಲ. ನೀವು ಬಾನೆಟ್ ಎತ್ತಿದ್ರಿ. ನಾ ಮೊದಲನೇ ತಂಬಿಗಿ ಕೊಟ್ಟೆ, ಹಾಕಿದ್ರಿ. ಎರಡನೇದು ಕೊಟ್ಟೆ, ಹಾಕಿದ್ರಿ. ಮೂರನೇದು ಹಾಕೂ ಮುಂದ ಫೋನ್ ಬಂತು, ಕೈ ತಪ್ಪಿ ಅರ್ಧಾ ನೀರು ನಿಮ್ಮ ಕಾಲ ಮ್ಯಾಲೆ ಚೆಲ್ಲಿತು. ಅಯ್ಯಯ್ಯ ಥಂಡಿ ಅಂತ ಕುಣದಾಡಿ ನಕ್ರಿ."

"ನಕ್ಕೆನೇನು ನಾನು?"

"ಹೂಂ. ಬಾಜೂ ಮನಿ ರಸೂಲಬಿ, ಏನಾತವಾ ನಿನ್ನ ಗಂಡಗ ಅಂತ ಹಣಿಕಿ ನೋಡಿದ್ಲು. ಅಷ್ಟು ಜೋರ ನಕ್ರಿ."

ಯಂಕಪ್ಪ ಕಣ್ಣು ಮುಚ್ಚಿದ. ಯಾರೋ ಒಬ್ಬ ಗಂಡಸು ಅರೆಗತ್ತಲೆಯಲ್ಲಿ ಒದ್ದೆ ಕಾಲಲ್ಲಿ ಕುಣಿಯುತ್ತ ನಗುತ್ತಿದ್ದ. ಮುಖ ಕಾಣುತ್ತಿರಲಿಲ್ಲ.

"ಇನ್ನೊಮ್ಮೆ ಹೇಳು" ಎಂದ.

ದುರ್ಗಾ ಮೊರದ ಜೋಳವನ್ನು ಒಂದು ಸಲ ಹಾರಿಸಿ, ಮೊದಲಿನಿಂದ ಹೇಳತೊಡಗಿದಳು.